ಹರಾಜಾದದ್ದು ₹6,000, ಕೈಗೆ ಬಂದದ್ದೆಷ್ಟು?

1/7

ಫೋಟೊದಲ್ಲಿ ಇರೋದು ಹೊಲಿಗೆ ಮಷಿನ್ ಅಲ್ಲ, ಅದರ ಸ್ಟ್ಯಾಂಡು. ಕಾಲಿಂದ ತುಳಿಯೋ ಕಬ್ಬಿಣದ ಸ್ಟ್ಯಾಂಡು. ಇದರ ಮೇಲೆ ಕೂತಿದ್ದ ಮಷಿನ್ ಈಗ ಬೆಂಗಳೂರಿನಲ್ಲಿದೆ. ಕಳಿಸಿದವಳು ನಾನೇ.

"ಹಳೇ ಸಾಮಾನು ಆನ್‌ಲೈನ್ ಮಾರಿ ಎಷ್ಟ್ ರೊಕ್ಕ ಮಾಡಿದಿ? ನಮಗೂ ಹೇಳ್ ಲೇ" ಅಂತ ಲಿಂಗಸೂಗೂರಿನ ಹಳೇ ಕ್ಲಾಸ್‌ನವರು ಭಾಳ ಮಂದಿ ಕೇಳಿದ್ರಿ. ಹೇಳ್ತೀನಿ. ಏಳು ಪೋಸ್ಟ್ ಆಗುತ್ತೆ, ಪೂರಾ ಓದ್ರಿ. ಯಾಕಂದ್ರೆ ಮೊದಲನೇ ಪೋಸ್ಟ್ ಓದಿ ಬಿಟ್ರೆ ನಾನು ಲಾಭ ಮಾಡಿದೀನಿ ಅಂತ ಅನಿಸುತ್ತೆ.

ಅಪ್ಪ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೀತಾರೆ. ಅವರಿಗೆ ಸಿಂಧನೂರಿನಲ್ಲಿ ಕೆಲಸ ಆಯ್ತು. ಲಿಂಗಸೂಗೂರಿನ ಬಾಡಿಗೆ ಮನೆ ಖಾಲಿ ಮಾಡಬೇಕಿತ್ತು. ಸಿಂಧನೂರಿನಲ್ಲಿ ಸಿಕ್ಕ ಮನೆ ಎರಡೇ ಖೋಲಿಯದು. ಎಲ್ಲಾ ಸಾಮಾನು ಹಿಡಿಯಲ್ಲ. ಗುಜರಿಯವನನ್ನ ಕರೀರಿ ಅಂದ್ರು ಅಪ್ಪ. ನಾನು ಬ್ಯಾಡ ಅಂದೆ.

"ಗುಜರಿಯವ ಕೆ.ಜಿ. ಲೆಕ್ಕದಾಗ ಒಯ್ತಾನಪ್ಪಾ. ನಾ ಆನ್‌ಲೈನ್ ಹರಾಜ್ ಹಾಕ್ತೀನಿ. ನೋಡಾಕಂತ್ರಿ, ಡಬಲ್ ಬರ್ತೈತಿ."

ಅಪ್ಪ ಒಂದೇ ಮಾತು ಅಂದ್ರು: "ಹಾಕು. ಆದ್ರ ಕಡೀಕ ಪಟ್ಟಿ ತಗಿಬೇಕು."

ಪಟ್ಟಿ ಅಂದ್ರೇನು ಅಂತ ರೈತರ ಮಕ್ಕಳಿಗೆ ಹೇಳಬೇಕಿಲ್ಲ. ಉಳಿದವರಿಗೆ ಆರನೇ ಪೋಸ್ಟಿನಲ್ಲಿ ತೋರಿಸ್ತೀನಿ.

2/7

ಹರಾಜಿಗೆ ಇಟ್ಟದ್ದು ಏಳು: ಅವ್ವನ ಹೊಲಿಗೆ ಮಷಿನ್, ಪ್ಯಾಕ್ ಒಡೆಯದ ಕುಕ್ಕರ್, ಓದೋ ಟೇಬಲ್, ಟೇಬಲ್ ಫ್ಯಾನ್, ಮಿಕ್ಸರ್, ನನ್ನ ಪಿಯುಸಿ ಪುಸ್ತಕದ ಗಂಟು, ಮತ್ತೆ ಉಡುಗೊರೆಯಾಗಿ ಬಂದ ಮೂರು ಗೋಡೆ ಗಡಿಯಾರ ಸೇರಿಸಿ ಒಂದು ಲಾಟ್.

ಹಳೇ ಬಟ್ಟೆ ಮಾರೋ ಪೇಜ್‌ಗಳನ್ನ ನೋಡಿ ಕಲಿತಿದ್ದೆ. ಒಂದೊಂದಕ್ಕೂ ಒಂದು ಪೋಸ್ಟ್. ಕಮೆಂಟಿನಲ್ಲಿ ಬಿಡ್ ಹಾಕೋದು, ಒಂದೊಂದು ಸಲಕ್ಕೆ ಕನಿಷ್ಠ ₹50 ಏರಿಸೋದು, ಭಾನುವಾರ ರಾತ್ರಿ 9ಕ್ಕೆ ಬಂದ್.

ಇದೇನು ಹೊಸದಲ್ಲ. ಅಮೆರಿಕದ ಇಬೇ 1995ರಲ್ಲಿ ಶುರುವಾದಾಗ ಮೊದಲು ಹರಾಜಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರ್‌ಗೆ. ನಮ್ಮ ದೇಶದಲ್ಲೂ ಬಾಜಿ ಡಾಟ್ ಕಾಮ್ ಅಂತ ಹರಾಜಿನ ತಾಣ ಇತ್ತು. 2004ರಲ್ಲಿ ಇಬೇ ಅದನ್ನ ಕೊಂಡಿತು. 2018ರಲ್ಲಿ ಇಬೇ ಇಂಡಿಯಾ ತಾಣವೂ ಬಂದ್ ಆಯ್ತು.

ಹರಾಜು ನಮಗೂ ಗೊತ್ತಿದ್ದದ್ದೇ. ಗಣಪತಿ ಕಳಿಸೋ ದಿನ ಲಡ್ಡು ಸವಾಲ್ ಕೂಗೋದನ್ನ ನೋಡಿಲ್ಲೇನು? ಹೈದರಾಬಾದಿನ ಬಾಳಾಪುರದ ಲಡ್ಡು 1994ರಲ್ಲಿ ₹450ಕ್ಕೆ ಹೋಗಿತ್ತು, 2024ರಲ್ಲಿ ₹30.01 ಲಕ್ಷಕ್ಕೆ. ಆದ್ರೆ ಅಲ್ಲಿ ಲಡ್ಡು ಕಣ್ಣ ಮುಂದೆ ಇರುತ್ತೆ, ಕೂಗುವವರೂ ಮುಂದೆಯೇ ಇರ್ತಾರೆ. ಪ್ಯಾಕಿಂಗ್ ಇಲ್ಲ, ಪಾರ್ಸೆಲ್ ಇಲ್ಲ. ಈ ಫರಕು ನನ್ನ ತಲೆಗೆ ಹೊಳೆಯಲೇ ಇಲ್ಲ.

3/7

ಮೊದಲ ಮೂರು ದಿನ ಬಿಡ್‌ಗಿಂತ ಜಾಸ್ತಿ ಬಂದದ್ದು ಒಂದೇ ಪ್ರಶ್ನೆ: "ಲಾಸ್ಟ್ ಎಷ್ಟು?" ಹರಾಜಿನಲ್ಲಿ ಲಾಸ್ಟ್ ಎಷ್ಟು ಅಂತ ನನಗೇನು ಗೊತ್ತು ಮಾರಾಯ್ರೇ!

ಗಡಿಯಾರದ ಲಾಟ್‌ಗೆ ಒಂದೂ ಬಿಡ್ ಇಲ್ಲ. ₹300ರಿಂದ ಶುರು ಮಾಡಿದ್ದೆ, ₹100ಕ್ಕೆ ಇಳಿಸಿದೆ, ಆಗಲೂ ಇಲ್ಲ. ನಮ್ಮ ಮನೆಯಲ್ಲಿ ಹೆಚ್ಚಾದದ್ದು ಎಲ್ಲರ ಮನೆಯಲ್ಲೂ ಹೆಚ್ಚಾಗಿರುತ್ತೆ ಅಂತ ಆಗ ಗೊತ್ತಾಯ್ತು. ಗಡಿಯಾರವನ್ನ ಎಲ್ಲರೂ ಉಡುಗೊರೆ ಕೊಡ್ತಾರೆ, ಯಾರೂ ಕೊಳ್ಳಲ್ಲ.

ಇನ್ನೊಂದು ಪಾಠ. ಹರಾಜಿನಲ್ಲಿ ರೇಟು ಏರಿಸೋದು ಗೆದ್ದವರಲ್ಲ, ಎರಡನೆಯವರು. ಅವರು ಎಲ್ಲಿ ನಿಲ್ಲಿಸ್ತಾರೋ ಅದಕ್ಕಿಂತ ಒಂದು ಹೆಜ್ಜೆ ಮೇಲೆ ನಿಮ್ಮ ವಸ್ತು ನಿಲ್ಲುತ್ತೆ. ಬೇಕು ಅನ್ನೋರು ಒಬ್ಬರೇ ಇದ್ರೆ ಅದು ಹರಾಜೇ ಅಲ್ಲ, ಶುರು ಮಾಡಿದ ರೇಟಿಗೇ ಕೊಡೋದು. ಊರು ಸಣ್ಣದಾದಷ್ಟೂ ಎರಡನೆಯವರು ಸಿಗೋದು ಕಷ್ಟ.

ನಮ್ಮ ವಸ್ತುವಿಗೆ ನಾವು ಕಟ್ಟೋ ಬೆಲೆಯೂ ಮೋಸ ಮಾಡುತ್ತೆ. ಕಾನೆಮನ್, ನೆಟ್ಷ್, ಥೇಲರ್ ಅನ್ನೋ ಮೂವರು 1990ರಲ್ಲಿ ಒಂದು ಪ್ರಯೋಗದ ಬಗ್ಗೆ ಬರೆದರು. ಒಂದು ಕ್ಲಾಸಿನ ಅರ್ಧ ಹುಡುಗರಿಗೆ ಕಾಫಿ ಮಗ್ ಕೊಟ್ಟು, ಇದನ್ನ ಎಷ್ಟಕ್ಕೆ ಮಾರ್ತೀರಿ ಅಂತ ಕೇಳಿದ್ರು. ಮಗ್ ಸಿಗದವರಿಗೆ ಎಷ್ಟಕ್ಕೆ ಕೊಳ್ತೀರಿ ಅಂತ ಕೇಳಿದ್ರು. ಕೈಯಲ್ಲಿ ಮಗ್ ಇದ್ದವರು ಹೇಳಿದ ಬೆಲೆ ಸುಮಾರು ಎರಡು ಪಟ್ಟು ಜಾಸ್ತಿ ಇತ್ತು. ಕೈಗೆ ಬಂದು ಸ್ವಲ್ಪ ಹೊತ್ತಾಗಿತ್ತು ಅಷ್ಟೇ. ನಮ್ಮ ಮಿಕ್ಸರ್ ಎಂಟು ವರ್ಷ ಮನೆಯಲ್ಲಿತ್ತು. ನಾನು ಮನಸ್ಸಿನಲ್ಲಿ ಕಟ್ಟಿದ್ದ ಬೆಲೆ ಹೇಳಿದ್ರೆ ನಗ್ತೀರಿ.

4/7

ಈಗ ಮಷಿನ್.

ನಾನು ಹುಟ್ಟೋ ಮೊದಲೇ ಮನೆಗೆ ಬಂದದ್ದು. ಕಪ್ಪು ಬಣ್ಣ, ಮೇಲೆ ಬಂಗಾರದ ಬಣ್ಣದ ಬಳ್ಳಿ. ಅವ್ವ ಅದರಲ್ಲಿ ಓಣಿಯವರ ಬ್ಲೌಸ್ ಹೊಲಿದು, ಫಾಲ್ ಹಚ್ಚಿ, ನನ್ನ ಪಿಯುಸಿ ಫೀಸ್ ಕಟ್ಟಿದವಳು. ಎರಡು ವರ್ಷದಿಂದ ಸೂಜಿಗೆ ದಾರ ಪೋಣಿಸೋದು ಆಗ್ತಿರಲಿಲ್ಲ. ಮಷಿನ್ ಮೇಲೆ ಬೆಡ್‌ಶೀಟ್ ಹೊದಿಸಿ ಇಟ್ಟಿದ್ರು.

"ಮಾರಲೇನವಾ?" ಅಂದೆ.

"ಮಾರು. ಕಣ್ಣು ಕಾಣವಲ್ಲವು. ಇಟ್ಕೊಂಡು ಏನ್ ಮಾಡ್ಲಿ?"

ಅದನ್ನ ನಾನು 'ಬೇಡವಾದ ಸಾಮಾನು' ಅಂತ ಬರೆದುಕೊಂಡೆ.

ಮೊದಲ ಬಿಡ್ ಮಸ್ಕಿಯ ಒಬ್ಬ ಹುಡುಗಿಯದು. ₹1,500ರಿಂದ ಶುರು ಮಾಡಿ ₹2,200ರ ತನಕ ಬಂದಳು. ಮೆಸೇಜ್ ಕೂಡ ಹಾಕಿದ್ದಳು: "ಅಕ್ಕಾ, ನಾ ಟೇಲರಿಂಗ್ ಕಲಿಯಾಕತ್ತೀನಿ. ಸ್ಟ್ಯಾಂಡ್ ಸಮೇತ ಬೇಕು, ನಮ್ಮ ಕಡೆ ಕರೆಂಟ್ ನಂಬಂಗಿಲ್ಲ. ನಮ್ಮಣ್ಣ ಗಾಡಿ ತಗೊಂಡು ಬಂದು ಒಯ್ತಾನ. ಇದಕ್ಕಿಂತ ಮ್ಯಾಲೆ ಆಗಂಗಿಲ್ಲಕ್ಕಾ."

ನಾನು ಲೈಕ್ ಒತ್ತಿ ಸುಮ್ಮನಾದೆ. ಯಾಕಂದ್ರೆ ಅಷ್ಟರಲ್ಲಿ ಹುಬ್ಬಳ್ಳಿಯ ಒಬ್ಬರು, ಬೆಂಗಳೂರಿನ ಒಬ್ಬರು ಜಿದ್ದಿಗೆ ಬಿದ್ದಿದ್ರು. ಹುಬ್ಬಳ್ಳಿಯವರು ₹2,850ಕ್ಕೆ ನಿಂತರು. ಬೆಂಗಳೂರಿನವರಿಗೆ ₹2,900ಕ್ಕೆ ಆಯ್ತು. ಆ ರಾತ್ರಿ ನಾನು ಮನೆ ತುಂಬಾ ಕುಣಿದಾಡಿದೆ.

ಮರುದಿನ ಅವರ ಮೆಸೇಜ್: "ಸ್ಟ್ಯಾಂಡ್ ಬೇಡ, ಮೇಲಿನ ಮಷಿನ್ ಮಾತ್ರ ಕಳಿಸಿ. ಅಂಗಡಿ ಶೋಕೇಸ್‌ನಲ್ಲಿ ಇಡೋಕೆ."

5/7

ಮಷಿನ್ ತಲೆ 12 ಕೆ.ಜಿ., ಎರಕದ ಕಬ್ಬಿಣ. ರಟ್ಟಿನ ಡಬ್ಬಿ ತಡೆಯಲ್ಲ ಅಂತ ಬಡಿಗೇರ ಮಾಮಾನ ಹತ್ರ ಪ್ಲೈವುಡ್ ಪೆಟ್ಟಿಗೆ ಮಾಡಿಸಿದೆ: ₹350. ಬಬಲ್ ಶೀಟು, ಟೇಪು: ₹110. ಆಟೊ: ₹120. ಪಾರ್ಸೆಲ್: ₹480. ಕಳಿಸೋ ಖರ್ಚು ಯಾರದು ಅಂತ ಪೋಸ್ಟಿನಲ್ಲಿ ನಾನು ಬರೆದೇ ಇರಲಿಲ್ಲ. ಅವರು "ಎಲ್ಲಾ ಸೇರಿ ₹2,900 ಅಂದ್ಕೊಂಡಿದ್ದೆ" ಅಂದ್ರು. ವಾದ ಮಾಡೋಕೆ ನನ್ನ ಹತ್ರ ಏನೂ ಇರಲಿಲ್ಲ.

ತೂಕದ ಬಗ್ಗೆ ಒಂದು ಮಾತು, ಉಪಯೋಗ ಆಗುತ್ತೆ. ಕೊರಿಯರ್‌ನವರು ಬರೀ ತೂಕ ನೋಡಲ್ಲ, ಡಬ್ಬಿಯ ಅಳತೆಯನ್ನೂ ನೋಡ್ತಾರೆ. ಉದ್ದ, ಅಗಲ, ಎತ್ತರವನ್ನ ಸೆಂ.ಮೀ.ನಲ್ಲಿ ಗುಣಿಸಿ, ಬಹಳ ಕಡೆ 5000ದಿಂದ ಭಾಗಿಸ್ತಾರೆ. ಆ ಲೆಕ್ಕ, ನಿಜವಾದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನಮ್ಮ ಟೇಬಲ್ ಫ್ಯಾನ್ 3 ಕೆ.ಜಿ. ಅದರ ಡಬ್ಬಿ 45×40×40, ಅಂದ್ರೆ 14.4 ಕೆ.ಜಿ.! ಒಳಗಿರೋ ಗಾಳಿಗೂ ಬಾಡಿಗೆ.

ಮಷಿನ್ ಮುಟ್ಟಿತು. ಪಕ್ಕದಲ್ಲಿರೋ ಕೈಚಕ್ರ ಒಡೆದಿದ್ದ ಫೋಟೊ ಬಂತು. ಚಕ್ರದ ಸುತ್ತ ಏನೂ ತುಂಬದೆ ಪೆಟ್ಟಿಗೆಗೆ ಮೊಳೆ ಹೊಡೆಸಿದ್ದು ನಾನೇ. ಬೇರೆ ಯಾರನ್ನ ಅನ್ನಲಿ? ₹500 ವಾಪಸ್ ಹಾಕಿದೆ.

6/7

ಉಳಿದವುಗಳ ಕಥೆ ಬೇಗ ಹೇಳ್ತೀನಿ.

ಕುಕ್ಕರ್ ಪಕ್ಕದ ಓಣಿಯ ಆಂಟಿ ₹900ಕ್ಕೆ ಬಂದು ಒಯ್ದರು. ಟೇಬಲ್ಲನ್ನ ಹಿಂದಿನ ಮನೆ ಹುಡುಗ ₹700 ಕೊಟ್ಟು ತಲೆ ಮೇಲೆ ಹೊತ್ತುಕೊಂಡು ಹೋದ. ಮಿಕ್ಸರ್‌ಗೆ ₹650 ಬಿಡ್ ಹಾಕಿದವರು ಪತ್ತೆಯೇ ಇಲ್ಲ. ಪುಸ್ತಕ ರಾಯಚೂರಿಗೆ ₹400ಕ್ಕೆ ಹೋದವು, ಕೊರಿಯರ್‌ಗೇ ₹240. ಫ್ಯಾನ್ ಮುದಗಲ್‌ನವರಿಗೆ ₹450ಕ್ಕೆ ಆಗಿತ್ತು. ನಾನೇ ಒಯ್ದೆ. ಶಕ್ತಿ ಯೋಜನೆಯಿಂದ ನನ್ನ ಬಸ್ ಟಿಕೆಟ್ ಸೊನ್ನೆ, ಎರಡೂ ಕಡೆ ಆಟೊ ಸೇರಿ ₹60. ಅಲ್ಲಿ ಹೋದ ಮೇಲೆ "ಸೌಂಡ್ ಮಾಡ್ತೈತಲ್ಲವಾ" ಅಂತ ₹300 ಕೊಟ್ಟರು. ಫ್ಯಾನ್ ವಾಪಸ್ ಹೊತ್ತು ತರೋ ಶಕ್ತಿ ಇರಲಿಲ್ಲ, ತಗೊಂಡು ಬಂದೆ.

ಇನ್ನೊಬ್ಬ ಮಿಕ್ಸರ್‌ಗೆ ₹1,000 ಕೊಡ್ತೀನಿ ಅಂತ ಕ್ಯೂಆರ್ ಕೋಡ್ ಕಳಿಸಿದ: "ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ಬರುತ್ತೆ." ನೆನಪಿಡ್ರಿ, ಹಣ ಬರೋಕೆ ಯುಪಿಐ ಪಿನ್ ಬೇಕಾಗಲ್ಲ. ಪಿನ್ ಹಾಕೋದು ಹಣ ಹೋಗೋಕೆ ಮಾತ್ರ. ಮೋಸ ಹೋದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡ್ರಿ.

ಮನೆ ಬಿಡೋ ಹಿಂದಿನ ರಾತ್ರಿ ಅಪ್ಪ ಕರೆದರು. "ಪಟ್ಟಿ ತಗಿ."

ಮಾರ್ಕೆಟ್‌ಗೆ ಮಾಲು ಒಯ್ದ ರೈತನಿಗೆ ಕಡೆಗೆ ಒಂದು ಚೀಟಿ ಕೈಗೆ ಬರುತ್ತೆ. ಇಷ್ಟು ಚೀಲ, ಇಷ್ಟು ರೇಟು, ಅದರ ಕೆಳಗೆ ವಜಾ ಆದದ್ದು, ಕಡೆಗೆ ಉಳಿದದ್ದು. "ರೇಟು ಊರಿಗೆ ಹೇಳಾಕ, ಕಡೀ ಸಾಲು ಮನಿಗೆ ಒಯ್ಯಾಕ" ಅಂತಾರೆ ಅಪ್ಪ. ನನ್ನ ಪಟ್ಟಿ ಇದು (ಮೊದಲು ಹರಾಜಿನ ರೇಟು, ಆಮೇಲೆ ಕೈಗೆ ಬಂದದ್ದು):

ಮಷಿನ್: ₹2,900 – ₹1,340
ಕುಕ್ಕರ್: ₹900 – ₹900
ಟೇಬಲ್: ₹700 – ₹700
ಮಿಕ್ಸರ್: ₹650 – ಸೊನ್ನೆ
ಫ್ಯಾನ್: ₹450 – ₹240
ಪುಸ್ತಕ: ₹400 – ₹160
ಗಡಿಯಾರ: ಸೊನ್ನೆ – ಸೊನ್ನೆ
ಒಟ್ಟು: ₹6,000 – ₹3,340

ಅಪ್ಪ ಪೆನ್ನು ತಗೊಂಡು ಎರಡೇ ಗೆರೆ ಎಳೆದರು. ನಡೆದುಕೊಂಡು ಬಂದು ಒಯ್ದದ್ದು: ₹1,600ಕ್ಕೆ ₹1,600. ದೂರ ಹೋದದ್ದು: ₹3,750ಕ್ಕೆ ₹1,740. ಮೂರು ವಾರದ ನನ್ನ ಫೋಟೊ, ರಿಪ್ಲೈ, ಓಡಾಟಕ್ಕೆ ಕೂಲಿ ಹಾಕಿಯೇ ಇಲ್ಲ.

7/7

ಅವ್ವ ಪಟ್ಟಿ ನೋಡಲಿಲ್ಲ. ಒಂದೇ ಕೇಳಿದಳು: "ಬೆಂಗಳೂರಾಗ ಅದ್ರಾಗ ಏನ್ ಹೊಲಿತಾರಂತ?"

"ಹೊಲಿಯಂಗಿಲ್ಲಂತವಾ. ಶೋಕೇಸ್‌ನ್ಯಾಗ ಇಡ್ತಾರಂತ."

ಅವ್ವ ಸ್ವಲ್ಪ ಹೊತ್ತು ಬಿಟ್ಟು ಅಂದಳು: "ನಾ ಎಣ್ಣಿ ಹಾಕಿ ಕಳಿಸಿದ್ದೆ."

ಮರುದಿನ ಟೆಂಪೊ ಹೊರಟಿತು. ಲಿಂಗಸೂಗೂರಿನಿಂದ ಸಿಂಧನೂರಿಗೆ ಬರೋ ದಾರಿ ನಿಮಗೆ ಗೊತ್ತೇ ಇದೆ, ನಡುವೆ ಮಸ್ಕಿ. ಸ್ಟ್ಯಾಂಡು ಹಿಂದೆ ಹಗ್ಗ ಕಟ್ಟಿಸಿಕೊಂಡು ಕೂತಿತ್ತು. ಮಸ್ಕಿ ಊರೊಳಗೆ ಟೆಂಪೊ ಚಹಾಕ್ಕೆ ನಿಂತಿತು. ಆ ಹುಡುಗಿಗೆ ಹೂಂ ಅಂದಿದ್ರೆ ಅವರಣ್ಣ ಗಾಡಿ ತರೋದೂ ಬೇಕಿರಲಿಲ್ಲ. ಪೆಟ್ಟಿಗೆ ಇಲ್ಲ, ಪಾರ್ಸೆಲ್ ಇಲ್ಲ, ಒಂದು ರೂಪಾಯಿ ಖರ್ಚಿಲ್ಲದೆ ಮಷಿನ್ನು, ಸ್ಟ್ಯಾಂಡು ಎರಡನ್ನೂ ಇಲ್ಲೇ ಇಳಿಸಿ, ₹2,200 ಎಣಿಸಿಕೊಂಡು ಬರಬಹುದಿತ್ತು. ₹860 ಜಾಸ್ತಿ. ಮತ್ತೆ ಅವ್ವನ ಪ್ರಶ್ನೆಗೆ ಒಂದು ಉತ್ತರ ಇರ್ತಿತ್ತು.

ಅಲ್ಲೇ ಕೂತು ಅವಳ ಮೆಸೇಜ್ ತೆಗೆದೆ. "ತಂಗಿ, ಮಷಿನ್ ಸಿಕ್ತೇನು? ಸ್ಟ್ಯಾಂಡ್ ಐತಿ, ಬೇಕಂದ್ರ ಹಂಗ ತಗೋ" ಅಂತ ಹಾಕಿದೆ.

ಸಿಂಧನೂರು ಬಂದ ಮೇಲೆ ಉತ್ತರ ಬಂತು: "ಸಿಕ್ತಕ್ಕಾ, ಕಂತಿನ ಮ್ಯಾಲೆ ಹೊಸಾದು ತಗೊಂಡೆ. ಸ್ಟ್ಯಾಂಡ್ ಅದರ ಜೋಡಿನ ಬಂದೈತಿ."

ಅದಕ್ಕೇ ಮೊದಲ ಫೋಟೊದ ಸ್ಟ್ಯಾಂಡು ಇನ್ನೂ ನಮ್ಮ ಮಾಳಿಗೆ ಮೇಲಿದೆ. ಅವ್ವ ಅದರ ಮೇಲೆ ಹಲಗೆ ಹಾಕಿ ಮೆಣಸಿನಕಾಯಿ ಒಣಗಿಸ್ತಾಳೆ.

ನೀವು ಹರಾಜು ಹಾಕಬೇಡ್ರಿ ಅಂತ ನಾನು ಹೇಳಲ್ಲ. ಹಾಕೋ ಮೊದಲು ಪಟ್ಟಿ ಬರೀರಿ ಅಂತೀನಿ. ಡಬ್ಬಿ, ಪಾರ್ಸೆಲ್, ಆಟೊ, ಒಡೆದರೆ ಎಷ್ಟು, ಯಾರು ಕೊಡಬೇಕು, ಎಲ್ಲಾ ಮೊದಲೇ ಬರೀರಿ. ದೊಡ್ಡದು, ಭಾರದ್ದು, ಒಡೆಯೋದು ಇದ್ರೆ ನಿಮ್ಮ ಊರು, ಪಕ್ಕದ ಊರಿಗೆ ಮಾತ್ರ ಅಂತ ಹಾಕ್ರಿ. ಅಡ್ವಾನ್ಸ್ ತಗೊಳ್ದೆ ಯಾರಿಗೂ ಎತ್ತಿಡಬೇಡ್ರಿ. "ನಾನೇ ಬಂದು ಒಯ್ತೀನಿ" ಅನ್ನೋ ಮೆಸೇಜ್ ಬಂದ್ರೆ ಅದಕ್ಕೂ ಒಂದು ಬೆಲೆ ಇದೆ ಅಂತ ತಿಳ್ಕೊಳ್ರಿ. ಬರೀ ಲೈಕ್ ಒತ್ತಿ ಬಿಡಬೇಡ್ರಿ.

ಮೂರು ಗೋಡೆ ಗಡಿಯಾರ ಇನ್ನೂ ಇದಾವೆ. ಸಿಂಧನೂರಿನವರು ಯಾರಾದ್ರೂ ಬಂದು ಒಯ್ಯಿರಿ, ಪುಕ್ಕಟೆ. ಸೆಲ್ ನೀವೇ ಹಾಕ್ಕೊಳ್ರಿ.

#ಸಿಂಧನೂರು #ಮಸ್ಕಿ #ಲಿಂಗಸೂಗೂರು #ಪಟ್ಟಿತಗಿ