ರೋಬೋಟಿಗೂ ಒಂದು ನಿಂಬೆಹಣ್ಣು

2011ರಲ್ಲಿ ಜರ್ಮನಿಯವರು ಹ್ಯಾನೋವರ್ ಮೇಳದಲ್ಲಿ ‘ಇಂಡಸ್ಟ್ರಿ 4.0’ ಎಂದು ಡಂಗುರ ಸಾರಿದಾಗ ಪೀಣ್ಯದ ನನ್ನ ಸ್ನೇಹಿತರು ಶೆಡ್ಡಿನ ಬಾಗಿಲಲ್ಲಿ ನಿಂತು ಕರೆಂಟ್ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದರಂತೆ. ಆ ನಾಲ್ಕು ಅರಗುವ ಮೊದಲೇ, 2021ರಲ್ಲಿ ಯುರೋಪಿಯನ್ ಕಮಿಷನ್ ಐದನ್ನು ಬಡಿಸಿತು. ಸಿನಿಮಾದವರಾದರೂ ಪಾರ್ಟ್ ಟೂ ತೆಗೆಯಲು ಮೊದಲನೆಯದು ಓಡಲಿ ಎಂದು ಕಾಯುತ್ತಾರೆ.

ಐದರ ಹೂರಣ ಇಷ್ಟೇ: ಯಂತ್ರ ಜಾಣನಾದರೆ ಸಾಲದು, ಅದರ ಪಕ್ಕ ನಿಂತವನಿಗೂ ಒಳ್ಳೆಯದಾಗಬೇಕು. ಇದನ್ನು ಹೇಳಲು ಬ್ರಸೆಲ್ಸ್‌ನಿಂದ ವರದಿ ಬರಬೇಕಿತ್ತೆ ಎಂದು ನೀವು ಕೇಳಬಹುದು. ಬೇಕಿತ್ತು ಸ್ವಾಮಿ. ಪಕ್ಕದಲ್ಲಿ ನಿಂತವನನ್ನು ನಾವು ನೋಡುವುದೇ ಅಪರೂಪ.

ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಸಿಎನ್‌ಸಿ ಯಂತ್ರದ ಮುಂದೆ ಅರ್ಧ ಗಂಟೆ ನಿಂತು ನೋಡಿ. ಕ್ರೇಟಿನಿಂದ ಕಾಸ್ಟಿಂಗ್ ಎತ್ತು, ಚಕ್ಕಿಗೆ ಸಿಕ್ಕಿಸು, ಬಾಗಿಲೆಳೆ, ಹಸಿರು ಗುಂಡಿ ಒತ್ತು. ಕೂಲಂಟ್ ಸುರಿಯುವಷ್ಟು ಹೊತ್ತು ಉಸಿರು ಬಿಡು. ಮತ್ತೆ ಬಾಗಿಲು ತೆಗೆ, ಗಾಳಿ ಹೊಡೆ, ಪೀಸ್ ಇಳಿಸು, ಮುಂದಿನದನ್ನು ಎತ್ತು. ಶಿಫ್ಟ್ ಮುಗಿಯುವಾಗ ಭುಜ ಭುಜದಲ್ಲಿರುವುದಿಲ್ಲ. ಅದೇ ಮನುಷ್ಯ ಕತ್ತರಿಸುವ ಸದ್ದು ಚೂರು ಬದಲಾದರೂ ‘ಟೂಲ್ ಸವೆದಿದೆ’ ಎಂದು ಹೇಳಬಲ್ಲ. ಆ ಕಿವಿಗೆ ಕೊಡಬೇಕಾದ ಸಂಬಳವನ್ನು ನಾವು ಕೊಡುತ್ತಿರುವುದು ಎತ್ತಿ ಇಳಿಸುವುದಕ್ಕೆ.

ಎತ್ತಿ ಇಳಿಸಲು ಈಗ ಕೋಬಾಟ್, ಅಂದರೆ ಮನುಷ್ಯನ ಪಕ್ಕದಲ್ಲೇ ನಿಂತು ದುಡಿಯುವ ರೋಬೋಟ್ ತೋಳು, ಬಂದಿದೆ. ಡೆನ್ಮಾರ್ಕಿನ ಒಡೆನ್ಸೆಯಲ್ಲಿ 2005ರಲ್ಲಿ ಶುರುವಾದ ಯೂನಿವರ್ಸಲ್ ರೋಬೋಟ್ಸ್ 2008ರಲ್ಲಿ ತನ್ನ ಮೊದಲ ಯಂತ್ರ ಮಾರಿತು. ಸುಮಾರು 18 ಕಿಲೋ ತೂಗುವ ತೋಳು, 5 ಕಿಲೋ ಎತ್ತುತ್ತದೆ. ಕಲಿಸುವ ಬಗೆ ನನಗೆ ಬಲು ಇಷ್ಟ: ಮಗುವಿನ ಕೈ ಹಿಡಿದು ಅಕ್ಕಿಯಲ್ಲಿ ಅಕ್ಷರ ತಿದ್ದಿಸಿದ ಹಾಗೆ, ತೋಳು ಹಿಡಿದು ಇಲ್ಲಿಂದ ಎತ್ತು, ಅಲ್ಲಿಡು ಎಂದು ನಡೆಸಿದರಾಯಿತು. ಇಂದು ಐವತ್ತು ಪೀಸ್ ಬುಶ್, ನಾಳೆ ಮೂವತ್ತು ಫ್ಲೇಂಜ್ ಎಂದು ಜಾಬ್ ವರ್ಕ್ ಮಾಡುವ ಸಣ್ಣ ಶೆಡ್ಡಿಗೆ ಇದೇ ಬೇಕಾದದ್ದು. ಪ್ರೋಗ್ರಾಂ ಬರೆಯುವವನಿಗಾಗಿ ಕಾಯಬೇಕಿಲ್ಲ. ಹಳೇ ಆಪರೇಟರೇ ಮೇಷ್ಟ್ರು.

ಸುತ್ತ ಬೇಲಿಯೂ ಬೇಡ, ಮೈ ತಗುಲಿದರೆ ನಿಂತುಬಿಡುತ್ತದೆ ಎನ್ನುತ್ತಾರೆ ಮಾರುವವರು. ನಿಜ. ಆದರೆ ಅದು ಹಿಡಿದಿರುವ ಪೀಸಿನ ಅಂಚು ಚೂಪಾಗಿದ್ದರೆ, ನಿಲ್ಲುವಷ್ಟರಲ್ಲಿ ಕೈ ಕೊಯ್ದಿರುತ್ತದೆ. ತೋಳಿನ ಜೊತೆಗೆ ಹಿಡಿಕೆ, ಪೀಸು, ವೇಗ ಎಲ್ಲವನ್ನೂ ತೂಗಿ ನೋಡಿಯೇ ಬೇಲಿ ಬೇಕೋ ಬೇಡವೋ ತೀರ್ಮಾನಿಸಬೇಕು.

ಆಯುಧಪೂಜೆಯ ದಿನ ಇದಕ್ಕೂ ಅರಿಶಿನ-ಕುಂಕುಮ ಬೀಳುತ್ತದೆ, ಬಿಡಿ. ಲೇತಿಗೆ, ವರ್ನಿಯರಿಗೆ, ಓನರ್ ಬೈಕಿಗೆ ಆದ ಪೂಜೆ ಡೆನ್ಮಾರ್ಕಿನ ತೋಳಿಗೆ ತಪ್ಪೀತೆ? ನಿಂಬೆಹಣ್ಣನ್ನು ಅದರ ಕೈಗೇ ಕೊಟ್ಟರೂ ಅಡ್ಡಿಯಿಲ್ಲ.

ಶೆಡ್ಡಿನ ಮಾಲೀಕರಲ್ಲಿ ನನ್ನದೊಂದೇ ವಿನಂತಿ. ಡೆಮೊ ನೋಡಲು ಅಕೌಂಟೆಂಟನ್ನು ಕರೆದುಕೊಂಡು ಹೋಗುವ ಮುಂಚೆ ಆಪರೇಟರನ್ನು ಕರೆದುಕೊಂಡು ಹೋಗಿ. ಭುಜಕ್ಕೆ ಭಾರ ಯಾವ ಕೆಲಸ, ತಾನೇ ಇಟ್ಟುಕೊಳ್ಳಬೇಕೆನ್ನುವುದು ಯಾವ ಕೆಲಸ ಎಂದು ಅವನನ್ನೇ ಕೇಳಿ. ಆಮೇಲೆ ಬೇಕಾದರೆ ಕೊಟೇಶನ್ ತರಿಸಿ.