ಇಪ್ಪತ್ತೈದನೇ ನಂಬರಿನ ಹುಡುಗ

ಮೊನ್ನೆ ಭಾನುವಾರ ಬೆಳಿಗ್ಗೆ ಎಂದಿನಂತೆ ಟರ್ಫ್‌ನಲ್ಲಿ ಫುಟ್‌ಬಾಲ್ ಆಡ್ತಾ ಇದ್ವಿ. ವಾರವಿಡೀ ಕುರ್ಚಿಗೆ ಅಂಟಿಕೊಂಡಿರೋ ನಮ್ಮಂಥ ಸಾಫ್ಟ್‌ವೇರ್ ಮಂದಿಯ ಪ್ರಾಯಶ್ಚಿತ್ತ ಅದು. ಇದ್ದಕ್ಕಿದ್ದ ಹಾಗೆ ಗೆಳೆಯನೊಬ್ಬ ಕುಸಿದು ಕೂತ, ಹಾಗೇ ಮಲಗಿಬಿಟ್ಟ. ಒಬ್ಬ ನೀರು ಚಿಮುಕಿಸಿದ. ಇನ್ನೊಬ್ಬ ಅಂಗಾಲು ತಿಕ್ಕಿದ. ಮತ್ತೊಬ್ಬ ಕಬ್ಬಿಣ ಹಿಡಿಸಬೇಕು ಅಂತ ಬೈಕಿನ ಕೀ ಹುಡುಕಿದ. ನಾನು? ಸುಮ್ಮನೆ ನಿಂತಿದ್ದೆ...

ಪುಣ್ಯಕ್ಕೆ ಖಾಲಿ ಹೊಟ್ಟೆಯ ತಲೆಸುತ್ತು ಅಷ್ಟೇ. ಎರಡು ನಿಮಿಷಕ್ಕೆ ಎದ್ದು ಕೂತು "ಸ್ಕೋರ್ ಎಷ್ಟಾಯ್ತು?" ಅಂದ. ಎಲ್ಲರೂ ನಕ್ಕರು. ನನಗೆ ಮಾತ್ರ ಮೊರೊಸಿನಿ ನೆನಪಾಗಿದ್ದ.

ಪಿಯೆರ್ಮಾರಿಯೋ ಮೊರೊಸಿನಿ ಹೆಸರು ನೀವು ಕೇಳಿರಲಿಕ್ಕಿಲ್ಲ. ಕೇಳುವಂಥ ದೊಡ್ಡ ಆಟಗಾರನೂ ಅಲ್ಲ. 1986ರಲ್ಲಿ ಇಟಲಿಯ ಬೆರ್ಗಾಮೋದಲ್ಲಿ ಹುಟ್ಟಿದ, ಅಲ್ಲಿನ ಅಟಲಾಂಟಾ ಕ್ಲಬ್ಬಿನಲ್ಲಿ ಆಟ ಕಲಿತ ಮಿಡ್‌ಫೀಲ್ಡರ್. ಹದಿನೈದರ ಹೊತ್ತಿಗೆ ತಾಯಿ ಹೋದರು, ಎರಡು ವರ್ಷದ ನಂತರ ತಂದೆ. ಆಮೇಲೆ ಅಂಗವಿಕಲನಾಗಿದ್ದ ಸಹೋದರನೂ ಪ್ರಾಣ ಕಳೆದುಕೊಂಡ. ಉಳಿದದ್ದು ಅವನು ಮತ್ತು ಆರೈಕೆ ಬೇಕಿದ್ದ ಅಕ್ಕ. ಇಷ್ಟಾದರೂ ಹುಡುಗ ಆಟ ಬಿಡಲಿಲ್ಲ.

ಮೊದಲ ದರ್ಜೆಯ ಉದಿನೇಸೆ ಕ್ಲಬ್ ಅವನನ್ನು ತೆಗೆದುಕೊಂಡಿತು. ಇಟಲಿಯ 21 ವರ್ಷದೊಳಗಿನವರ ತಂಡಕ್ಕೂ ಆಡಿದ. ಆದರೆ ಹೆಚ್ಚು ಕಾಲ ಕಳೆದದ್ದು ಎರಡನೇ ದರ್ಜೆಯ 'ಸೀರೀ ಬಿ'ಯಲ್ಲೇ. ಬೊಲೋನ್ಯಾ, ವಿಚೆನ್ಸಾ, ರೆಜ್ಜಿನಾ, ಪಾದೊವಾ, ಕೊನೆಗೆ 2012ರ ಜನವರಿಯಲ್ಲಿ ಲಿವೊರ್ನೊ. ಅದೂ ಲೋನ್ ಮೇಲೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಕಂಪನಿ ಒಂದು, ಕೆಲಸ ಇನ್ನೊಬ್ಬರ ಕ್ಲೈಂಟ್ ಸೈಟಿನಲ್ಲಿ! ಮಿಡ್‌ಫೀಲ್ಡರನ ಕೆಲಸವೂ ಹಾಗೇ ಅಲ್ವಾ? ಚೆಂಡು ಕಿತ್ತುಕೊಳ್ಳೋದು, ಪಕ್ಕದವನಿಗೆ ಕೊಡೋದು, ಮತ್ತೆ ಓಡೋದು. ಹೆಸರು ಗೋಲು ಹೊಡೆದವನದ್ದು.

2012ರ ಏಪ್ರಿಲ್ 14, ಪೆಸ್ಕಾರಾ ಊರಿನಲ್ಲಿ ಪಂದ್ಯ. ಲಿವೊರ್ನೊ 2-0 ಮುಂದಿತ್ತು. 31ನೇ ನಿಮಿಷದಲ್ಲಿ ಮೊರೊಸಿನಿ ಮುಗ್ಗರಿಸಿದ. ಏಳಲು ನೋಡಿದ, ಬಿದ್ದ. ಮತ್ತೆ ಏಳಲು ನೋಡಿದ, ಮತ್ತೆ ಬಿದ್ದ. ಆ ವಿಡಿಯೋ ನೋಡಿದವರಿಗೆ ಮರೆಯೋದು ಕಷ್ಟ. ಮೈಮೇಲೆ ಪೆಟ್ಟಿಲ್ಲ, ಎದುರಾಳಿ ಮುಟ್ಟಿಲ್ಲ. ಆದರೂ ಎದ್ದು ಆಟಕ್ಕೆ ಸೇರಬೇಕು ಅನ್ನೋ ಹಟ ಮಾತ್ರ ಕಾಣುತ್ತೆ. ಆಂಬುಲೆನ್ಸ್ ಒಳಬರೋ ದಾರಿಗೆ ಪೊಲೀಸ್ ಕಾರೊಂದು ಅಡ್ಡ ನಿಂತಿತ್ತು; ಗಾಜು ಒಡೆದು ಪಕ್ಕಕ್ಕೆ ಸರಿಸಬೇಕಾಯಿತು. ಡಿಫಿಬ್ರಿಲೇಟರ್ ಇತ್ತು, ಆದರೆ ಬಳಸಲಿಲ್ಲ. ಅದರ ಬಗ್ಗೆ ವರ್ಷಗಟ್ಟಲೆ ಕೋರ್ಟಿನಲ್ಲಿ ಕೇಸು ನಡೆಯಿತು. ಹುಟ್ಟಿನಿಂದಲೇ ಬರಬಹುದಾದ ಹೃದಯದ ಸ್ನಾಯುವಿನ ರೋಗವೊಂದು ಮರಣೋತ್ತರ ಪರೀಕ್ಷೆಯಲ್ಲಿ ಗೊತ್ತಾಯಿತು. ವಯಸ್ಸು 25, ಜೆರ್ಸಿ ನಂಬರೂ 25.

ಇದೇ ಹೊತ್ತಿನ ಇನ್ನೆರಡು ದಿನಾಂಕ ಪಕ್ಕಪಕ್ಕ ಇಟ್ಟು ನೋಡಿ. ಅದೇ ವರ್ಷ ಮಾರ್ಚ್ 17ರಂದು ಲಂಡನ್ನಿನಲ್ಲಿ ಬೋಲ್ಟನ್ ತಂಡದ ಫಾಬ್ರಿಸ್ ಮುವಾಂಬಾ ಬಿದ್ದ. 78 ನಿಮಿಷ ಅವನ ಹೃದಯ ತಾನಾಗಿ ಬಡಿಯಲಿಲ್ಲ. ಆದರೆ ಮೈದಾನದಲ್ಲೇ ಶುರುವಾದ ಚಿಕಿತ್ಸೆ ನಿಲ್ಲಲಿಲ್ಲ, ಬದುಕಿದ. ನಾಲ್ಕೇ ದಿನಕ್ಕೆ, ಮಾರ್ಚ್ 21ರಂದು, ನಮ್ಮ ಬೆಂಗಳೂರಿನ ಲೀಗ್ ಪಂದ್ಯದಲ್ಲಿ ಬೆಂಗಳೂರು ಮಾರ್ಸ್ ತಂಡದ ವೆಂಕಟೇಶ್ ಬಿದ್ದ. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ, ಆಟೋದಲ್ಲಿ ಆಸ್ಪತ್ರೆಗೆ ಒಯ್ದರು ಅಂತ ಆಗ ವರದಿಯಾಗಿತ್ತು. ಬದುಕಲಿಲ್ಲ. ಅದಕ್ಕೂ ಮೊದಲು, 2004ರ ಡಿಸೆಂಬರ್ 5ರಂದು, ನಮ್ಮದೇ ಕಂಠೀರವದಲ್ಲಿ ಫೆಡರೇಶನ್ ಕಪ್ ಫೈನಲ್ ಆಡುತ್ತಾ ಡೆಂಪೋ ತಂಡದ ಕ್ರಿಸ್ಟಿಯಾನೋ ಜೂನಿಯರ್ ಗೋಲಿ ಜೊತೆ ಡಿಕ್ಕಿಯಾಗಿ ಸತ್ತಿದ್ದ. ಅಂದರೆ ನಮಗೆ ಒಮ್ಮೆ ಎಚ್ಚರಿಕೆ ಸಿಕ್ಕಿತ್ತು.

ಮೊರೊಸಿನಿ ಸತ್ತ ಮರುವರ್ಷ ಇಟಲಿ, ಕ್ರೀಡಾ ಕ್ಲಬ್ಬುಗಳಲ್ಲಿ ಡಿಫಿಬ್ರಿಲೇಟರ್ ಇರಲೇಬೇಕು ಅಂತ ನಿಯಮ ತಂದಿತು. 2024ರ ಡಿಸೆಂಬರ್ 1ರಂದು ಫ್ಲಾರೆನ್ಸ್‌ನಲ್ಲಿ ಎದೋಆರ್ದೋ ಬೋವೆ ಪಂದ್ಯದ ಮಧ್ಯೆ ಕುಸಿದ. ಅವನೂ ಮಿಡ್‌ಫೀಲ್ಡರ್, ಅವನೂ ಲೋನ್ ಮೇಲೆ ಬಂದವನು. ಅವನು ಬದುಕಿದ. ಲಿವೊರ್ನೊದವರು ಮೊರೊಸಿನಿಯ 25ನೇ ನಂಬರನ್ನು ನಿವೃತ್ತಿಗೊಳಿಸಿದರು. ಅಕ್ಕನ ನೆರವಿಗೆ ಉದಿನೇಸೆಯ ನಾಯಕ ದಿ ನತಾಲೆ ಮುಂದೆ ಬಂದ.

ಹೃದಯ ನಿಂತ ಮೇಲೆ ಡಿಫಿಬ್ರಿಲೇಟರ್ ಇಲ್ಲದೆ ಕಳೆವ ಪ್ರತಿ ನಿಮಿಷಕ್ಕೂ ಬದುಕೋ ಸಾಧ್ಯತೆ ಸುಮಾರು ಶೇ. 7ರಿಂದ 10ರಷ್ಟು ಇಳಿಯುತ್ತಂತೆ. ನಮ್ಮ ಗೆಳೆಯ ನೆಲದ ಮೇಲಿದ್ದದ್ದು ಎರಡು ನಿಮಿಷ. ಆ ಎರಡು ನಿಮಿಷವೂ ನಾನು ಕೈಕಟ್ಟಿ ನಿಂತಿದ್ದೆ.

ಟರ್ಫಿನವರನ್ನು ಕೇಳಿದೆ. ಪಾಪ, ಹುಡುಕಿ ಒಂದು ಡಬ್ಬ ತಂದು ಕೊಟ್ಟರು. ಒಳಗೆ ನಾಲ್ಕು ಬ್ಯಾಂಡೇಜು, ಅರ್ಧ ಖಾಲಿಯಾದ ನೋವಿನ ಸ್ಪ್ರೇ. ಮುಂದಿನ ಶನಿವಾರ ನಾವು ಹತ್ತು ಜನ ಸಿಪಿಆರ್ ಕಲಿಯೋಕೆ ಹೋಗ್ತಾ ಇದ್ದೀವಿ. ಬೈಕಿನ ಕೀ ಹುಡುಕಿದವನೂ ಬರ್ತಾನೆ. ನಿಮ್ಮಲ್ಲಿ ಯಾರಾದರೂ ಕಲಿತಿದ್ದೀರಾ? ಇಲ್ಲಾಂದ್ರೆ ದಯವಿಟ್ಟು ಕಲೀರಿ.