ಕೊಂಡಿ ಕೂಡಿಸುವ ನಾಡಿನಲ್ಲಿ

ಬಾಗಲಕೋಟೆಯ ಕಡೆಗೆ ಪ್ರವಾಸ ಹೊರಡುವವರು ಸಾಮಾನ್ಯವಾಗಿ ಬಾದಾಮಿಯ ಗುಹೆಗಳನ್ನೂ ಐಹೊಳೆ, ಪಟ್ಟದಕಲ್ಲುಗಳ ಗುಡಿಗಳನ್ನೂ ಕಂಡು, ಕೂಡಲಸಂಗಮದಲ್ಲಿ ಕೈಮುಗಿದು, ಇಳಕಲ್ಲಿನಲ್ಲಿ ಸೀರೆಯೊಂದನ್ನು ಕೊಂಡು ಹಿಂದಿರುಗುತ್ತಾರೆ. ನಾನು ಹಿಡಿದದ್ದೂ ಬಹುಮಟ್ಟಿಗೆ ಇದೇ ದಾರಿಯನ್ನೇ. ಆದರೆ ನನ್ನನ್ನು ಆ ದಾರಿಗೆ ಎಳೆದದ್ದು ಶಿಲ್ಪವೂ ಅಲ್ಲ, ಸೀರೆಯೂ ಅಲ್ಲ; ಎಂಜಿನು ಕೆಟ್ಟು ಅಂಗಳದಲ್ಲಿ ಕುಳಿತಿದ್ದ ಒಂದು ಹಳೆಯ ಪಿಕಪ್ ಗಾಡಿ.

ಹುನಗುಂದ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ಸಹೋದ್ಯೋಗಿ ಗೆಳೆಯರ ಮನೆಯಿದೆ. ಅವರ ಅಣ್ಣನವರು ಒಕ್ಕಲುತನದವರು. ಎರೆಯ ಹೊಲದಲ್ಲಿ ಜೋಳ, ಕಡಲೆ, ಉಳ್ಳಾಗಡ್ಡಿ ಬೆಳೆಯುವವರು. ಬಹುಕಾಲ ದುಡಿದ ಅವರ ಪಿಕಪ್ಪಿನ ಎಂಜಿನು ಇನ್ನು ದುರಸ್ತಿಗೆ ಒಲ್ಲೆನೆಂದಿತು. ಗುಜರಿಯವನು ಬಂದು ಕಬ್ಬಿಣದ ತೂಕದ ಬೆಲೆ ಹೇಳಿದ. ಅಣ್ಣನವರಿಗೆ ಮನಸ್ಸು ಒಪ್ಪಲಿಲ್ಲ. "ಮುಂದಿಂದು ಹೋದ್ರ ಹೋಗ್ಲಿ, ಇದರ ಬೆನ್ನ ಇನ್ನೂ ಗಟ್ಟಿ ಐತಿ. ಹಿಂದಿಂದು ಟ್ರೇಲರ್ ಮಾಡಿ ಟ್ರ್ಯಾಕ್ಟರಿಗೆ ಹಚ್ಚೂಣು" ಎಂದು ನಿಶ್ಚಯಿಸಿದರು. ದಸರೆಯ ರಜೆಯಲ್ಲಿ ಅತಿಥಿಯಾಗಿ ಹೋಗಿದ್ದ ನಾನು ಈ ಕಾರ್ಯದಲ್ಲಿ ಅನಾಯಾಸವಾಗಿ ಪಾಲುದಾರನಾದೆ. ಕನ್ನಡ ಎಂ.ಎ. ಓದಿದವನಿಂದ ಬೆಸುಗೆಯ ಕೆಲಸಕ್ಕೆ ಏನೂ ಉಪಯೋಗವಿಲ್ಲವಾದರೂ ಟೇಪು ಹಿಡಿಯಲು, ಚೀಟಿ ಬರೆಯಲು ಒಬ್ಬ ಬೇಕೇ ಬೇಕಲ್ಲ!

ಬಿಚ್ಚಿ ಕಟ್ಟಿದ ಊರು

ಮೊದಲ ಕೆಲಸ ಕಾಗದದ್ದು. ನೋಂದಣಿಯಾದ ವಾಹನವನ್ನು ಸುಮ್ಮನೆ ಕತ್ತರಿಸಿಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಗಾಡಿ ಶಾಶ್ವತವಾಗಿ ನಿರುಪಯೋಗಿಯಾದರೆ ಒಡೆಯನು ಹದಿನಾಲ್ಕು ದಿನಗಳೊಳಗೆ, ಇಲ್ಲವೇ ಆದಷ್ಟು ಬೇಗನೆ, ಅದನ್ನು ತಿಳಿಸಿ ನೋಂದಣಿಪತ್ರವನ್ನು ಒಪ್ಪಿಸಬೇಕು. ಅದೂ ಅಲ್ಲದೆ, ಟ್ರೇಲರು ಕೂಡ ಕಾನೂನಿನ ಕಣ್ಣಿಗೆ ಪ್ರತ್ಯೇಕ ವಾಹನವೇ. ಸಾರ್ವಜನಿಕ ರಸ್ತೆಗೆ ಇಳಿಯಬೇಕಾದರೆ ಅದಕ್ಕೂ ತನ್ನದೇ ನೋಂದಣಿ ಬೇಕು. ಇದನ್ನೆಲ್ಲ ತಿಳಿದುಕೊಂಡ ಅಣ್ಣನವರು, ತಮ್ಮ ಟ್ರೇಲರು ಹೊಲ ಮತ್ತು ಕಣಗಳ ನಡುವಿನ ಸ್ವಂತ ಬಂಡಿಜಾಡನ್ನು ದಾಟಬಾರದೆಂದು ತೀರ್ಮಾನಿಸಿದರು. ಈ ತೀರ್ಮಾನದಲ್ಲಿ ಒಂದು ರಂಧ್ರ ಉಳಿದಿತ್ತು. ಅದು ಮುಂದೆ ಬಯಲಾಯಿತು.

ಕಾಗದದ ಕೆಲಸಕ್ಕೂ ಕಬ್ಬಿಣ ಕೊಳ್ಳುವುದಕ್ಕೂ ಬಾಗಲಕೋಟೆಗೆ ಹೋದೆವು. ವಿಜಾಪುರದಿಂದ ಬೇರೆಯಾಗಿ 1997ರಲ್ಲಿ ಜಿಲ್ಲಾ ಕೇಂದ್ರವಾದ ಈ ಊರಿಗೆ ಬಿಚ್ಚುವುದೂ ಕೂಡಿಸುವುದೂ ಹೊಸತಲ್ಲ. ಮುಂದೆ ಪ್ರಧಾನಿಗಳಾದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ ತಿಂಗಳಲ್ಲಿ ಆಲಮಟ್ಟಿಯ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಆ ಅಣೆಯ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಊರಿನ ಒಂದು ಭಾಗವನ್ನೇ ನುಂಗಿತು. ನೀರಿಗೆ ಮನೆ ಒಪ್ಪಿಸಿದವರು ನವನಗರದ ನೇರ ಬೀದಿಗಳಲ್ಲಿ ಬಾಳನ್ನು ಮತ್ತೆ ಜೋಡಿಸಿಕೊಂಡರು. ಇಂಥ ಊರಿನಲ್ಲಿ ಹಳೆಯದನ್ನು ಹೊಸದಕ್ಕೆ ಹೊಂದಿಸಲು ಬಂದವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಗುಜರಿಯ ಅಂಗಡಿಯಲ್ಲಿ ಲಾರಿಯ ಅಚ್ಚುಗಳು, ಗಾಲಿಗಳು, ಪಟ್ಟಿ ಸ್ಪ್ರಿಂಗುಗಳು ಬೆಟ್ಟದಂತೆ ಬಿದ್ದಿದ್ದವು. ನಮಗೆ ಬೇಕಾಗಿದ್ದ ಕಬ್ಬಿಣದ ಚಾನೆಲ್ಲುಗಳನ್ನು ಮಾತ್ರ ಅಣ್ಣನವರು ಹಳೆಯದು ಬೇಡವೆಂದು ಹೊಸದನ್ನೇ ಕೊಂಡರು. "ಎಳಿಯೂ ಕಡೀಗೆ ಹಳೇ ಕಬ್ಬಿಣ ಬ್ಯಾಡ" ಎಂಬುದು ಅವರ ಮಾತು.

ಮುಂಭಾರ, ಹಿಂಭಾರ

ಪಿಕಪ್ಪಿನ ತೊಟ್ಟಿಯ ತಳವು ತುಕ್ಕು ಹಿಡಿದು ಜರಡಿಯಾಗಿತ್ತು. ಅದಕ್ಕೆ ಹಲಗೆ ಹಾಸಬೇಕು. ಈ ಮನೆತನಕ್ಕೆ ಹಿಂದೆ ಚಕ್ಕಡಿ ಮಾಡಿಕೊಟ್ಟಿದ್ದ ವೃದ್ಧ ಬಡಿಗರೊಬ್ಬರು ಬಾದಾಮಿಯ ಸಮೀಪದಲ್ಲಿದ್ದಾರೆ. ಹೀಗಾಗಿ ನಮ್ಮ ಪ್ರಯಾಣ ಅತ್ತ ತಿರುಗಿತು.

ಬಾದಾಮಿಯ ಕೆಂಪು ಬಂಡೆಗಳ ವರ್ಣನೆ ಈ ವಾಚಕರಿಗೆ ಹೊಸದೇನಲ್ಲ. ಕ್ರಿ.ಶ. 578ರ ಮಂಗಳೇಶನ ಶಾಸನವಿರುವ ಮೂರನೆಯ ಗುಹೆಯನ್ನು ನೋಡಿ, ಅಗಸ್ತ್ಯತೀರ್ಥದ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು, ಬನಶಂಕರಿಯ ದಾರಿ ಹಿಡಿದೆವು. ಗುಡಿಯ ಸುತ್ತಲಿನ ಬಯಲು ಆಗ ಬರಿದಾಗಿತ್ತು. ಪುಷ್ಯಮಾಸದ ಬನದ ಹುಣ್ಣಿಮೆಗೆ ನೆರೆಯುವ ಜಾತ್ರೆಯಲ್ಲಿ ಈ ಬಯಲು ಒಂದು ನಗರವೇ ಆಗುತ್ತದೆ. ನಾಟಕ ಕಂಪನಿಗಳ ಡೇರೆಗಳು, ದನಗಳ ಸಂತೆ, ಮಿಠಾಯಿಯ ಅಂಗಡಿಗಳು. ಎಲ್ಲಕ್ಕಿಂತ ಮಿಗಿಲಾಗಿ ಸಾಲುಸಾಲಾಗಿ ನಿಲ್ಲಿಸಿದ ಮರದ ಬಾಗಿಲುಗಳು, ಚೌಕಟ್ಟುಗಳು. ಮನೆ ಕಟ್ಟಿಸುವವರು ಇಲ್ಲಿಂದ ಬಾಗಿಲನ್ನು ಕೊಂಡು ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಾರೆ.

ಬಡಿಗರು ಹಲಗೆಗಳನ್ನು ಆರಿಸಿಕೊಡುತ್ತ ಹಳೆಯ ಕಾಲದ ಮಾತು ತೆಗೆದರು. ಮರದ ಗಾಲಿಗೆ ಜಾಲಿಯ ಗಟ್ಟಿ ಮರ; ಅದರ ಮೇಲೆ ಕಾಯಿಸಿದ ಕಬ್ಬಿಣದ ಹಳಿ. ಹಳಿ ಕಾದಾಗ ಹಿಗ್ಗುತ್ತದೆ; ಗಾಲಿಗೆ ತೊಡಿಸಿ ನೀರು ಸುರಿದೊಡನೆ ಕುಗ್ಗಿ, ಅರಗಳನ್ನೆಲ್ಲ ನಡುಗುಂಬಕ್ಕೆ ಬಿಗಿದು ಹಿಡಿಯುತ್ತದೆ. ಬಳಿಕ ರಬ್ಬರಿನ ಟಾಯರು, ಬೇರಿಂಗುಗಳ ಗಾಡಿಗಳು ಬಂದವು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರಂಥ ವಿದ್ವಾಂಸರು, ಎತ್ತಿನ ಗಾಡಿ ಸುಧಾರಿಸಿದರೆ ಮೂಕಪ್ರಾಣಿಯ ಹೆಗಲಿಗೆ ಸುಖವಾಗುವುದೆಂದು ದೇಶವಿಡೀ ಸಾರಿದವರು. ನಮ್ಮ ಬಡಿಗರು ಅದೇ ಹೆಗಲಿನ ವಿಚಾರವನ್ನು ತಮ್ಮದೇ ರೀತಿಯಲ್ಲಿ ಹೇಳಿದರು:

"ಮುಂಭಾರಾತು ಅಂದ್ರ ಎತ್ತಿನ ಹೆಗಲ ಹುಣ್ಣಾಕ್ಕೈತ್ರಿ ಸರ. ಹಿಂಭಾರಾತು ಅಂದ್ರ ನೊಗ ಮ್ಯಾಲೆದ್ದು ಕೊರಳ ಬಿಗೀತೈತಿ. ನೊಗದ ಮ್ಯಾಲ ಚೂರ ಭಾರ ಇರಬೇಕು. ಆ ಚೂರ ಎಷ್ಟಂತ ಗೊತ್ತಿದ್ದವನ ಬಡಿಗ್ಯಾ."

ಐಹೊಳೆಯ ಹಾದಿ

ಹಲಗೆ ಹೇರಿದ ಬಾಡಿಗೆಯ ಟೆಂಪೋದಲ್ಲಿ ಪಟ್ಟದಕಲ್ಲು, ಐಹೊಳೆಗಳ ಮೇಲೆ ಹಾದು ಅಮೀನಗಡಕ್ಕೆ ಬಂದೆವು. ಐಹೊಳೆಯಲ್ಲಿ ಲಾಡಖಾನ ಗುಡಿಯ ಛಾವಣಿಯನ್ನು ಅಣ್ಣನವರು ನನಗಿಂತ ಹೆಚ್ಚು ಹೊತ್ತು ನೋಡಿದರು. ಅಲ್ಲಿ ಚಪ್ಪಡಿಗಳು ಕೂಡುವ ಸಂದಿಗಳ ಮೇಲೆ, ಮರದ ದಿಮ್ಮಿಗಳನ್ನು ಹೋಲುವ ಉದ್ದನೆಯ ಕಲ್ಲುಪಟ್ಟಿಗಳನ್ನು ಹೊದಿಸಿದ್ದಾರೆ. ಮರದ ಮನೆಯ ವಿದ್ಯೆಯನ್ನು ಕಲ್ಲಿಗೆ ಒಯ್ದವರು ಆ ಶಿಲ್ಪಿಗಳು. ಇದೇ ಊರಿನ ಹೆಸರಿನಿಂದ ಪ್ರಸಿದ್ಧರಾದ ಅಯ್ಯಾವೊಳೆಯ ಐನೂರ್ವರು ದಕ್ಷಿಣಾಪಥದ ಉದ್ದಗಲಕ್ಕೂ ಸರಕು ಸಾಗಿಸಿದ ವರ್ತಕಸಂಘದವರು. ಹೊರೆ ಹೇರುವ, ಇಳಿಸುವ, ದಾರಿ ಸವೆಸುವ ವೃತ್ತಿಗೆ ಈ ನೆಲದಲ್ಲಿ ಎಂಥ ಹಿರಿಯ ವಂಶಾವಳಿ ಇದೆ! ಅಮೀನಗಡದ ಕರದಂಟನ್ನು ಮೆಲ್ಲುತ್ತ ಹುನಗುಂದ ತಲುಪಿದಾಗ ಸಂಜೆಯಾಗಿತ್ತು.

ಹುನಗುಂದದ ಬೆಸುಗೆ

ಸೊಲ್ಲಾಪುರದಿಂದ ಮಂಗಳೂರಿನ ಕಡೆಗೆ ಸಾಗುವ ಹೆದ್ದಾರಿ ಹುನಗುಂದ, ಇಳಕಲ್ಲುಗಳನ್ನು ಹಾದುಹೋಗುತ್ತದೆ. ಹೆದ್ದಾರಿಯಿದ್ದಲ್ಲಿ ಲಾರಿ, ಲಾರಿಯಿದ್ದಲ್ಲಿ ಬೆಸುಗೆಯ ಕಿಡಿ. ನಾವು ಹೋದ ಕಾರ್ಖಾನೆ ಎಂದರೆ ನಾಲ್ಕು ತಗಡು, ಒಂದು ಬೇವಿನ ಮರ. ಅದರ ಒಡೆಯನು ನಡುವಯಸ್ಸಿನವನು. ಅವನ ಅಜ್ಜ ಗಾಲಿ ಮಾಡುತ್ತಿದ್ದವನಂತೆ.

ಕೆಲಸದ ಕ್ರಮ ಹೀಗೆ. ಚಾಲಕನ ಕೋಣೆಯ ಹಿಂದೆ ಚಾಸಿಯ ಎರಡು ತೊಲೆಗಳನ್ನು ಕತ್ತರಿಸಿ, ತೊಟ್ಟಿ, ಹಿಂದಿನ ಅಚ್ಚು, ಸ್ಪ್ರಿಂಗು, ಗಾಲಿಗಳನ್ನು ಒಟ್ಟಾಗಿ ಉಳಿಸಿಕೊಳ್ಳಬೇಕು. ಎಂಜಿನಿನಿಂದ ಶಕ್ತಿ ತರುತ್ತಿದ್ದ ಉದ್ದನೆಯ ದಂಡಕ್ಕೆ ಇನ್ನು ಕೆಲಸವಿಲ್ಲ, ಅದನ್ನು ತೆಗೆಯಬೇಕು. ತೊಲೆಗಳ ಪಕ್ಕದಿಂದ ಎರಡು ಚಾನೆಲ್ಲುಗಳನ್ನು ಹೊರಡಿಸಿ, ಮುಂದೆ ಅವು ತ್ರಿಕೋನದ ತುದಿಯಂತೆ ಕೂಡುವ ಹಾಗೆ ಬೆಸೆಯಬೇಕು. ಇದೇ ಟ್ರೇಲರಿನ ಮೂಕಿ. ಒಂದೇ ದಂಡವಾದರೆ ತಿರುವಿನಲ್ಲಿ ಬಾಗುತ್ತದೆ, ತ್ರಿಕೋನ ಬಾಗುವುದಿಲ್ಲ. ತುದಿಯಲ್ಲಿ ಕೊಂಡಿ.

ಬೆಸೆಯುವ ಮುನ್ನ ಅವನು ಕೊಂಡಿಯ ಸ್ಥಾನದಲ್ಲಿ ಮೊಳೆ ಹೊಡೆದು, ದಾರವನ್ನು ಅಚ್ಚಿನ ಎಡತುದಿಗೆ ಎಳೆದು ಗಂಟು ಹಾಕಿದ; ಅದೇ ದಾರವನ್ನು ಬಲತುದಿಗೆ ಒಯ್ದ. ಎರಡೂ ಅಳತೆ ಒಂದೇ ಆಗಬೇಕು. ಬೆರಳಗಲ ತಪ್ಪಿದರೂ ಟ್ರೇಲರು ಜೀವನವೆಲ್ಲ ಓರೆಯಾಗಿ ಓಡುತ್ತ ಟಾಯರನ್ನು ತಿನ್ನುತ್ತದೆ. ದಾರದ ಇನ್ನೊಂದು ತುದಿಯನ್ನು ಹಿಡಿದು ನಿಂತದ್ದೇ ನನ್ನ ಪಾಲಿನ ಪುಣ್ಯಕಾರ್ಯ.

ಭಾರದ ಲೆಕ್ಕ ಬಡಿಗರದ್ದೇ. ಟ್ರೇಲರು ಮತ್ತು ಹೊರೆ ಸೇರಿ 1,000 ಕಿಲೋ ಆದರೆ ಅದರಲ್ಲಿ 100ರಿಂದ 150 ಕಿಲೋ ಕೊಂಡಿಯ ಮೇಲೆ ಕೂರಬೇಕು. ಹೊರೆ ಅಚ್ಚಿಗಿಂತ ಹಿಂದೆ ಸರಿದರೆ ಟ್ರೇಲರು ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ. ತೀರ ಮುಂದೆ ಬಂದರೆ ಮೂಕಿಗೆ ಪೆಟ್ಟು. ಪಿಕಪ್ಪಿನ ಕಾಲುಬ್ರೇಕು ಮುಂಭಾಗದೊಡನೆ ಸತ್ತಿತ್ತು. ಆದರೆ ಹಿಂದಿನ ಗಾಲಿಗಳಿಗೆ ತಂತಿಯಿಂದ ಕಟ್ಟಿದ್ದ ಕೈಬ್ರೇಕು ಜೀವಂತವಾಗಿತ್ತು. ಅದರ ಹಿಡಿಯನ್ನು ಮೂಕಿಯ ಮೇಲೆ ಕೂಡಿಸಿದ. ಇದು ನಿಂತ ಟ್ರೇಲರು ಜರುಗದಂತೆ ತಡೆಯಲು ಮಾತ್ರ. ಇಳಿಜಾರಿನಲ್ಲಿ ಹೊರೆಯೆಲ್ಲ ಟ್ರ್ಯಾಕ್ಟರಿನ ಬೆನ್ನನ್ನೇ ನೂಕುತ್ತದೆ ಎಂದು ಎಚ್ಚರಿಸಿದ.

ಕೊಂಡಿಗೆ ಬಂದಾಗ ಅವನು ಕೈ ನಿಲ್ಲಿಸಿ ಕೇಳಿದ: "ಗೌಡ್ರ, ಇದರಾಗ ಏನ್ ಹೇರಾವ್ರು? ಮದ್ಲ ಅದನ್ನ ಹೇಳ್ರಿ."

"ಜ್ವಾಳದ ಚೀಲ, ಉಳ್ಳಾಗಡ್ಡಿ, ಕಣಕಿ" ಎಂದು ಅಣ್ಣನವರು ಆರಂಭಿಸಿ, ಒಂದು ಕ್ಷಣ ತಡೆದು, "ಬನಶಂಕರಿ ಜಾತ್ರಿಗೆ ವರ್ಷಕ್ಕೊಮ್ಮೆ ಮನಿ ಮಂದಿನ್ನೂ ಕುಂದ್ರಿಸ್ಕೊಂಡ ಹೋಗೂದು" ಎಂದರು. ಹೆಣ್ಣುಮಕ್ಕಳು, ಮುದುಕರು, ಮಕ್ಕಳು ಸೇರಿ ಹದಿನೆಂಟು ಜನ.

ಬೆಸುಗೆಯವನು ಮುಖವಾಡವನ್ನು ತೆಗೆದು ಕೆಳಗಿಟ್ಟ. "ಚೀಲ ಉಳ್ಳಿದ್ರ ಎತ್ತಿ ಇಡಬಹುದ್ರಿ. ಮಂದಿ ಹೇರಾವ್ರಿದ್ರ ನಾ ಕೊಂಡಿ ಕೂಡ್ಸಂಗಿಲ್ಲ. ರೊಕ್ಕ ನಿಮ್ಮ ಹಂತ್ಯಾಕ ಇರ್ಲಿ."

ಅಣ್ಣನವರಿಗೆ ಸಿಟ್ಟು ಬಂತು. ಊರೆಲ್ಲ ಹಾಗೇ ಹೋಗುತ್ತದೆ, ತಮಗೊಬ್ಬರಿಗೇ ಏಕೆ ನಿಷೇಧ ಎಂದರು. ಅವನು ವಾದಿಸಲಿಲ್ಲ, ಮೂಲೆಯಲ್ಲಿದ್ದ ಡಬ್ಬಿಯಿಂದ ಒಂದು ಕೀಲನ್ನು ತಂದು ಅಂಗೈಯಲ್ಲಿಟ್ಟ. ಮನೆ ಕಟ್ಟುವ ಸರಳನ್ನು ಕತ್ತರಿಸಿ ಮಾಡಿದ ಕೀಲು. ನಡುವೆ ಸವೆದು ಅರ್ಧವಾಗಿ, ಅಲ್ಲಿಯೇ ತುಂಡಾಗಿತ್ತು. ದುರಸ್ತಿಗೆ ಬಂದ ಯಾವುದೋ ಟ್ರೇಲರಿನದು. ಆ ದಿನ ಅದರಲ್ಲಿ ಏನು ಹೇರಿತ್ತೆಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಣ್ಣನವರು ಆ ತುಂಡನ್ನು ಬಹಳ ಹೊತ್ತು ಹೊರಳಿಸಿ ನೋಡಿ, "ಆತು, ಚೀಲ ಅಷ್ಟ" ಎಂದರು.

ಆಮೇಲೆ ಅವನು ಸರಿಯಾದ ಉಕ್ಕಿನ ಕೀಲು ಹಾಕಿದ. ಅದು ಕುಲುಕಾಟಕ್ಕೆ ಮೇಲೇಳದಂತೆ ಕೆಳಗೆ ಅಡ್ಡಪಿನ್ನು ಸಿಕ್ಕಿಸಿದ. ಕೀಲು ಮುರಿದರೂ ಮೂಕಿ ನೆಲಕ್ಕೆ ನಾಟದಂತೆ ಎರಡು ಸರಪಳಿಗಳನ್ನು ಅಡ್ಡಲಾಗಿ ಕಟ್ಟಿದ. ಹಿಂದೆ ಕೆಂಪು ಹೊಳಪಿನ ಬಿಲ್ಲೆಗಳನ್ನು ಅಂಟಿಸಿದ. ಕತ್ತಲಲ್ಲಿ ದಾರಿಬದಿಗೆ ನಿಂತ ದೀಪವಿಲ್ಲದ ಟ್ರೇಲರಿಗೆ ಬಂದು ಬಡಿದು ಸತ್ತವರ ಸುದ್ದಿ ಪತ್ರಿಕೆ ಓದುವವರಿಗೆಲ್ಲ ಪರಿಚಿತವಷ್ಟೆ. ಹೊಲದ ಜಾಡಿಗೂ ಅದು ಇರಲಿ ಎಂದ.

ಎಂಟುನೂರು ವರ್ಷಗಳಿಗೂ ಹಿಂದೆ, ನೇಯ್ಗೆಯವನಾದ ಜೇಡರ ದಾಸಿಮಯ್ಯನು ತನ್ನ ವಚನವೊಂದರಲ್ಲಿ ಬಂಡಿಯ ಕಡೆಗೀಲನ್ನೇ ಉಪಮಾನವಾಗಿ ಹಿಡಿದು, ಶರಣರ ನುಡಿಯು ಮನುಷ್ಯನಿಗೆ ಹೇಗೆ ಆಧಾರವೆಂದು ತೋರಿಸಿದ. ತರಗತಿಯಲ್ಲಿ ಹತ್ತಾರು ಸಲ ಪಾಠ ಹೇಳಿದ ವಚನವದು. ಒಂದು ಗೇಣು ಕಬ್ಬಿಣದ ಮೇಲೆ ಎಷ್ಟು ಜೀವಗಳು ಕುಳಿತಿರುತ್ತವೆಂಬುದನ್ನು ಆ ಬೇವಿನ ಮರದಡಿ ಕಣ್ಣಾರೆ ಕಂಡಂತಾಯಿತು.

ಸೀರೆಯ ಕೊಂಡಿ

ಬಣ್ಣ ಆರಲು ಒಂದು ದಿನ ಬೇಕಾಗಿತ್ತು. ಆ ಬಿಡುವಿನಲ್ಲಿ ಇಳಕಲ್ಲಿಗೆ ಹೋಗಿಬಂದೆವು. ಇದರ ಕೆಂಪು ಗ್ರಾನೈಟು ಕಡಲು ದಾಟಿ ಹೋಗುತ್ತದೆ. ಸೀರೆಯ ಕೀರ್ತಿಯಂತೂ ಹೇಳಬೇಕಾದುದೇ ಇಲ್ಲ. ಓಣಿಯಲ್ಲಿ ಮಗ್ಗದ ಸದ್ದು ಕೇಳಿದ ಕಡೆ ಒಳಗೆ ಹೋದಾಗ, ಮನೆಯ ಯಜಮಾನಿತಿ ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಸಿಕ್ಕಿಸುತ್ತ ಕುಳಿತಿದ್ದರು. ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಪ್ರತಿಯೊಂದು ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆಯನ್ನು ಹಾಯಿಸಿ ಕೂಡಿಸುತ್ತಾರೆ. ಆ ಬಳಿಕವೇ ಮೂರು ಕೆಂಪು, ನಡುವೆ ಎರಡು ಬಿಳಿ ಪಟ್ಟಿಗಳ ತೋಪು ತೆನೆಯ ಸೆರಗು ಮೂಡುವುದು. ಒಂದೊಂದು ಸೀರೆಗೂ ಈ ಕೆಲಸ ಹೊಸದಾಗಿಯೇ ಆಗಬೇಕು.

"ಇದಕ್ಕೇನಂತಾರ‍್ರಿ ಅವ್ವಾರ?" ಎಂದು ಕೇಳಿದೆ.

"ಕೊಂಡಿರಿ" ಎಂದರು.

ಅಣ್ಣನವರು ನನ್ನ ಮುಖ ನೋಡಿ ನಕ್ಕರು. ಮನೆಯವರಿಗೆಂದು ಒಂದು ಸೀರೆ ಕೊಂಡರು. ದಡಿಗಳಲ್ಲಿ ಚಿಕ್ಕಿ, ಗೋಮಿ ಎಂದು ಹಲವು ಬಗೆ. ಅವರು ಆರಿಸಿದ ದಡಿಯ ಹೆಸರು 'ಗಾಡಿ'. ಬೇಕೆಂದೇ ಆರಿಸಿದರೋ, ಬಣ್ಣಕ್ಕೆ ಮನಸೋತರೋ ಹೇಳಲಿಲ್ಲ.

ಮರುದಿನ ಟ್ರೇಲರಿನಲ್ಲಿ ಮೊದಲ ಹೊರೆಯಾಗಿ ಉಳ್ಳಾಗಡ್ಡಿಯ ಚೀಲಗಳನ್ನು, ಅಚ್ಚಿಗಿಂತ ಚೂರು ಮುಂದಕ್ಕೆ, ಅಣ್ಣನವರು ತಾವೇ ನಿಂತು ಹೇರಿಸಿದರು. ಜನವರಿಯಲ್ಲಿ ಗೆಳೆಯರ ಕಾಗದ ಬಂತು. ಮನೆಯ ಹದಿನೆಂಟು ಜನರೂ ಜಾತ್ರೆಗೆ ಬಸ್ಸಿನಲ್ಲಿ ಹೋಗಿ, ನಾಟಕ ನೋಡಿ, ಬಾಗಿಲೊಂದನ್ನು ಕೊಂಡು ಬಂದರಂತೆ. ಬಾಗಿಲು ಮಾತ್ರ ಬಾಡಿಗೆಯ ಗಾಡಿಯಲ್ಲಿ ಹಿಂದಿನಿಂದ ಬಂದು ತಲುಪಿತಂತೆ.